ಸಾದಿಲ್ವಾರು

ಸಾವಿರದ ಇನ್ನೂರು ರೂಪಾಯಿ.
'ಮಕ್ಕಳ ಸಂಗೀತ ಸಲಕರಣೆ' ಅಂತ ಸೂಪರ್‌ವೈಸರ್ ಬರೆದ ಚೀಟಿ.
ಸೋಮವಾರದೊಳಗೆ ಬಿಲ್ಲು ಸೇರಬೇಕು.
ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ
ಖಾಜಾ ಮೊಹಿದ್ದೀನನ ಅಂಗಡಿ ಮೆಟ್ಟಿಲು ಹತ್ತಿದೆ.

ಅವನು ಮೊದಲು ಇಳಿಸಿದ್ದು
ಗುಂಡಿ ಒತ್ತಿದರೆ ತಾನೇ ಹಾಡುವ ಪಿಯಾನೊ.
ಅದೇ ಹಾಡಿಕೊಂಡರೆ ಮಕ್ಕಳಿಗೇನು ಕೆಲಸ?
ಪೀಪಿ ಬೇಡ,
ಒಂದು ಬಾಯಿಯ ನೆಗಡಿ ಇಪ್ಪತ್ತಮೂರು ಬಾಯಿಗೆ.
ಗೆಜ್ಜೆಯ ಮಣಿಯೊಂದನ್ನು ನಾಲಿಗೆಯ ಮೇಲಿಟ್ಟು ನೋಡಿದೆ,
ಸಲೀಸಾಗಿ ಗಂಟಲಿಗಿಳಿಯುವ ಗಾತ್ರ.
'ಏನಕ್ಕಾ, ಉಪ್ಪು ಖಾರ ನೋಡ್ತಿದೀಯಾ?' ಖಾಜಾ ನಕ್ಕ.
ಖಂಜರಿಯ ಅಂಚಿಗೆ ಹೆಬ್ಬೆರಳು ಸವರಿದೆ,
ಮೊಳೆಯೊಂದು ತಲೆ ಎತ್ತಿತ್ತು.
ಬಡಿದು ಕೂರಿಸಿ ಕೊಟ್ಟ.
ಬೇರೆಯದು ಕೊಡು ಅಂದೆ.

ಕಿವಿಯ ಮಾತು ಆಮೇಲೆ.
ನಮ್ಮ ಅಂಗನವಾಡಿಗೂ ಫಿಲೇಚರಿಗೂ ಒಂದೇ ಗೋಡೆ.
ಬೇಯುವ ಹುಳುವಿನ ವಾಸನೆ, ದಿನವಿಡೀ ರಾಟೆಗಳ ಗರಗರ.
ಆ ಸದ್ದಿನಲ್ಲೇ ಉಂಡು ಆ ಸದ್ದಿನಲ್ಲೇ ಮಲಗುತ್ತವೆ ಮಕ್ಕಳು.
ಕರೆಂಟು ಹೋಗಿ ಯಂತ್ರ ನಿಂತರೆ
ಬೆಚ್ಚಿ ಎದ್ದು ಅಳುತ್ತವೆ.
ಇದರ ಮೇಲೆ ಕೇಳಿಸುವ ವಾದ್ಯ ಯಾವುದಿದೆ,
ಖಾಜಾನ ಹತ್ತಿರ ಕೇಳಲಿಲ್ಲ.

ಎರಡು ಖಂಜರಿ, ನಾಲ್ಕು ಜೊತೆ ಮರದ ಚಿಟಿಕೆ,
ಒಂದು ಡೋಲು, ಅದರ ಹಗ್ಗ ಹಸಿರು.
ಹನ್ನೊಂದು ನೂರಾ ಎಂಬತ್ತು.
ಉಳಿದ ಇಪ್ಪತ್ತಕ್ಕೆ ಆಟೋ.

ಚಾಪೆಯ ಮೇಲೆ ಹರಡಿ ಕೂತೆ.
ಬೈರೇಶ ಡೋಲಿನ ಮೇಲೇ ಕೂತ.
ಭಾರ್ಗವಿ ಚಿಟಿಕೆಯಲ್ಲಿ ಅವನ ಮೂಗು ಹಿಡಿದಳು.
ತಸ್ಕೀನ ಬಂದು ಮುಷ್ಟಿ ಬಿಚ್ಚಿದಳು,
'ಟೀಚರ್, ಇದೂ.'
ಒಂದು ರೇಷ್ಮೆಗೂಡು. ಯಾವ ಕಾಲದ್ದೋ, ಹಳದಿಗಟ್ಟಿ ಒಣಗಿದ್ದು.
ಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪ ಹಿಡಿಯುವಂತೆಯೇ
ಎರಡು ಬೆರಳಲ್ಲಿ ಹಿಡಿದು, ಕಿವಿಗೆ ತಂದು, ಅಲ್ಲಾಡಿಸಿದಳು.

ಲೊಟ್. ಲೊಟ್.

ಡೋಲು ಬಿಟ್ಟು ಎದ್ದ ಬೈರೇಶ.
ಸಾಲಾಗಿ ಬಂದವು ಕಿವಿಗಳು,
ಸೋರುವ ಕಿವಿ, ಓಲೆ ಇಲ್ಲದೆ ಕಡ್ಡಿ ಸಿಕ್ಕಿಸಿದ ಕಿವಿ.
'ಒಳಗೆ ಯಾರು?' ಕೇಳಿದಳು ಭಾರ್ಗವಿ.
ನಾಲಿಗೆಯಿಂದ, ಹೆಬ್ಬೆರಳಿನಿಂದ
ಎಲ್ಲವನ್ನೂ ತಪಾಸಣೆ ಮಾಡಿ ತಂದವಳು ನಾನು,
ಇದಕ್ಕೆ ಬಾಯಿ ಬರಲಿಲ್ಲ.
ತಸ್ಕೀನ ಅಂದಳು, 'ಬಾಗ್ಲು ತಡ್ತಾವ್ನೆ.'
ಅಷ್ಟೂ ಮಕ್ಕಳು ಗೂಡಿನ ಸುತ್ತ ಬಾಗಿಲು ಹುಡುಕಿದರು.

ಊಟದ ನಂತರ ದಾಸ್ತಾನು ಪುಸ್ತಕ ತೆಗೆದೆ.
ಖಂಜರಿ, ಚಿಟಿಕೆ, ಡೋಲು.
ಕೆಳಗೊಂದು ಗೆರೆ ಖಾಲಿ ಬಿಟ್ಟೆ,
ಅದಕ್ಕೆ ಬಿಲ್ಲಿಲ್ಲ.

ಆಗಲೇ ಕರೆಂಟು ಹೋದದ್ದು.
ಗೋಡೆಯಾಚೆ ರಾಟೆ ನಿಂತಿತು.
ಒಂದು ಮಗುವೂ ಏಳಲಿಲ್ಲ.
ಬೀರುವಿನ ಮಗ್ಗುಲಲ್ಲಿ ತಸ್ಕೀನ ಒಬ್ಬಳೇ ಎಚ್ಚರ,
ಗೂಡನ್ನು ಕಿವಿಗೊತ್ತಿ ಅಲ್ಲಾಡಿಸುತ್ತಿದ್ದಳು,
ಮೆಲ್ಲಗೆ,
ಮಲಗಿದ್ದರೆ ಎದ್ದುಬಿಟ್ಟಾನು ಎಂಬಂತೆ.