ಎರಡು ಸಾವಿರದ ನೂರ ಎಂಬತ್ತೈದು

ಚಿಲೊಯೆ ದ್ವೀಪದ ಈ ಕಟ್ಟೆಗೆ ದೋಣಿಗಳು ಬರುವುದು
ಬೆಳಗಿನ ಇಳಿತಕ್ಕೆ ಮೊದಲು.
ನೀಲಿ ಚಿಪ್ಪು ತುಂಬಿದ ಚೀಲಗಳು ತಕ್ಕಡಿಗೇರುತ್ತವೆ,
ಬೆಲಾರ್ಮಿನೊ ಕಾರ್ಕಮೊ ಒಂದೇ ಬೆರಳಲ್ಲಿ
ತೂಕ ಕುಟ್ಟುತ್ತಾರೆ,
ಗೋಡೆಗೆ ಗುದ್ದಲಿ ಹಾಕಿದ ಹಾಗೆ.

ಹೋದ ವಾರ ದೋಣಿಯವರು ಕೇಳಿದ್ದರು:
ಬರಿ ಚೀಲದ ಭಾರ ಕಳೆದು ತೋರಿಸಬಾರದೇ,
ಅಲ್ಲೇ, ಕುಟ್ಟುತ್ತಿರುವಾಗಲೇ, ನಮ್ಮ ಕಣ್ಣೆದುರು?
ಅದೇನು ಮಹಾ ಎಂದೆ.
ನಾನು ಎದುವೀನ ಒಯರ್ಸೂನ್, ಶಾಲೆಯಲ್ಲಿ ಲೆಕ್ಕದ ಟೀಚರು,
ಹನ್ನೊಂದು ವರ್ಷದ ಹಿಂದೆ ಈ ಫಾರಂ ಕಟ್ಟಿಕೊಟ್ಟ ತಪ್ಪಿಗೆ
ಇನ್ನೂ ದಂಡ ತೆರುತ್ತಿರುವವಳು.

ಬರೆದೆ: ತೂಕದ ಟೆಕ್ಸ್ಟ್ ಓದು,
ಚೀಲದೆಣಿಕೆಯ ಟೆಕ್ಸ್ಟ್ ಓದು,
ಕಳೆ.

ಮಂಗಳವಾರ ಮೊದಲ ಅಂಕಿ ಬಿದ್ದದ್ದೇ ತಡ
ಪರದೆಗೆ ಅಡ್ಡಲಾಗಿ ಬಂದು ನಿಂತಿತು
ಎರಡು ಸಾವಿರದ ನೂರ ಎಂಬತ್ತೈದು:
ಫೋಕಸ್ ಇಲ್ಲದ ಚೌಕವನ್ನು
ಹೀಗೆಲ್ಲ ಕೇಳುವಂತಿಲ್ಲ.

ನಿಜವೇ. ಕರ್ಸರು ಮಿಟುಕುತ್ತಿದ್ದುದು ತೂಕದಲ್ಲಿ,
ಎಣಿಕೆಯ ಚೌಕ ಬೆನ್ನು ತೋರಿಸಿ ಕೂತಿತ್ತು.
ಹಾಗಾದರೆ ತಿರುಗಿಸೋಣ ಎಂದುಕೊಂಡೆ.
ಸೆಟ್‌ಫೋಕಸ್: ಅಲ್ಲಿಗೆ ಹೋಗು, ಕೇಳು,
ಮತ್ತೆ ಸೆಟ್‌ಫೋಕಸ್: ಇಲ್ಲಿಗೆ ಬಾ.
ಒಂದೊಂದು ಅಂಕಿಗೂ ಕರ್ಸರು ಓಡಿತು
ಎರಡು ಮನೆಯ ನಂಟ ಉಪವಾಸ ಬಿದ್ದಂತೆ;
ಮರಳಿ ಬಂದಾಗಲೆಲ್ಲ ಚೌಕ ಪೂರಾ ಕಪ್ಪಾಗಿ,
ಹೊಸ ಅಂಕಿ ಹಳೆಯದನ್ನು ನುಂಗಿ,
ರೊಸಮೆಲ್‌ನ ನಾನೂರ ಹನ್ನೆರಡು ಕಿಲೋ
ಕೊನೆಗೆ ಉಳಿದದ್ದು
ಎರಡು.

ಅವನು ಕೂಗಾಡಿದ ಮಾತುಗಳನ್ನು
ಮಕ್ಕಳಿಗೆ ಪಾಠ ಹೇಳುವ ಬಾಯಲ್ಲಿ ಹೇಳಲಾರೆ.

ಸಿಟ್ಟಿನಲ್ಲಿ ಎರಡನ್ನೂ ವ್ಯಾಲ್ಯೂ ಮಾಡಿದೆ.
ಈಗ ತಪ್ಪು ಬಾಯಿ ಬಿಡಲಿಲ್ಲ, ಅದಕ್ಕೇ ಹೆಚ್ಚು ಕೆಟ್ಟದ್ದು:
ಇಲ್ಲಿ ರೊಸಮೆಲ್‌ನ ತೂಕ ಕುಟ್ಟುತ್ತಿದ್ದರೆ
ಕೆಳಗೆ ಕಳೆಯುತ್ತಿದ್ದುದು ಮುಂಚಿನ ದೋಣಿಯದ್ದು.
ಬಾಯಲ್ಲಿ ತುತ್ತು ಇರುವಾಗ
ಹೊಟ್ಟೆಯನ್ನು ಕೇಳಿದರೆ
ಅದು ನಿನ್ನೆಯ ಊಟ ಹೇಳುತ್ತದೆ.

"ಎಷ್ಟು ಚೀಲ?" ಪರದೆ ನೋಡುತ್ತಲೇ ಕೇಳಿದೆ.
ಉತ್ತರವಿಲ್ಲ.
"ಬೆಲಾರ್ಮಿನೊ, ಎಷ್ಟು ಚೀಲ?"
ಇಲ್ಲ.
ಮರೆತಿದ್ದೆ, ಅವರಿಗೆ ಎಡಗಿವಿ ಎಂದೂ ಇರಲಿಲ್ಲ,
ಬಲಗಿವಿ ಐಸ್ ಕಾರ್ಖಾನೆ ತಿಂದಿತು,
ಎದುರು ನಿಂತು ತುಟಿ ತೋರಿಸಿದರಷ್ಟೇ ಮಾತು.
ಈಗ ಅವರ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ.
ಭುಜ ಹಿಡಿದು ತಿರುಗಿಸಿದರೆ
ಎಣಿಕೆ ಸಿಗುತ್ತದೆ, ತೂಕ ತಪ್ಪುತ್ತದೆ.

ಕೈ ಚಾಚಿದವಳು ತಡೆದೆ.
ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದ ಗೀಟು:
ಐದು, ಐದು, ಐದು, ಒಂದು.
ಚೀಲ ಇಳಿಸುವಾಗಲೇ ಗೀಚಿಟ್ಟದ್ದು.
ಯಾರನ್ನೂ ಕೇಳಬೇಕಿರಲಿಲ್ಲ.

ಕೂತು ತಿದ್ದಿದೆ, ಒಂದೇ ಪದ:
ಎಣಿಕೆಯದು ವ್ಯಾಲ್ಯೂ.
ತೂಕದ್ದು ಟೆಕ್ಸ್ಟ್ ಆಗಿಯೇ ಇರಲಿ,
ಬೆರಳು ಇನ್ನೂ ಅಲ್ಲೇ ಇದೆಯಲ್ಲ.
ಸೆಟ್‌ಫೋಕಸ್‌ಗಳನ್ನು ಅಳಿಸಿದೆ, ಎರಡನ್ನೂ.

ರೊಸಮೆಲ್‌ನ ಚೀಲಗಳು ಮತ್ತೆ ತಕ್ಕಡಿಗೆ.
ಹದಿನಾರು ಚೀಲ, ಅರ್ಧರ್ಧ ಕಿಲೋ, ಒಟ್ಟು ಎಂಟು.
ಬೆಲಾರ್ಮಿನೊ ಕುಟ್ಟಿದರು, ನಾಲ್ಕು;
ಕೆಳಗೆ ಬಂತು, ಮೈನಸ್ ನಾಲ್ಕು.
ಕುಟ್ಟಿದರು ಒಂದು; ಮೂವತ್ತಮೂರು.
ಕುಟ್ಟಿದರು ಎರಡು;
ನಾನೂರ ನಾಲ್ಕು.

"ನೋಡಿದಿರಾ," ಅಂದ ರೊಸಮೆಲ್,
"ಅರೆಗಳಿಗೆ ನಾನು ಸಮುದ್ರಕ್ಕೇ
ನಾಲ್ಕು ಕಿಲೋ ಬಾಕಿ ಇದ್ದೆ!"
ಎಲ್ಲರೂ ನಕ್ಕರು, ಬೆಲಾರ್ಮಿನೊ ಒಬ್ಬರ ಹೊರತು.

ಕುರ್ಚಿ ತಿರುಗಿಸಿ ಅವರಿಗೆ ಎದುರಾಗಿ ಕೂತು
ಅದನ್ನೇ ಇನ್ನೊಮ್ಮೆ ಹೇಳಿದೆ.