ನಲವತ್ತನೇ ಲೈನು

ಕೂತ್ಕೊ ಜುಬೈದಾ. ಹೆಡ್‌ಸೆಟ್ಟು ಆಮೇಲೆ.
ಮೊದಲು ಈ ಪೆಟ್ಟಿಗೆ ಹೇಳುವ ಸುಳ್ಳುಗಳು ಗೊತ್ತಿರಲಿ.

ಇಪ್ಪತ್ತಮೂರರಲ್ಲಿ ನಮ್ಮ ಅಕೌಂಟೆಂಟ್ ಮೊಣ್ಣಪ್ಪ
ಮಂಗಳೂರಿನ ಏಜೆಂಟನ ಜೊತೆ ಜಗಳದಲ್ಲಿದ್ದಾರೆ ಅಂದುಕೊ:
ಬೀಜದ ತೇವಾಂಶ ಹತ್ತೂವರೆಯೋ, ಹನ್ನೊಂದೂವರೆಯೋ.
ಅಷ್ಟರಲ್ಲಿ ಸಿದ್ದಾಪುರದಿಂದ ಯಾರೋ
ಅದೇ ಇಪ್ಪತ್ತಮೂರು ಕೇಳುತ್ತಾರೆ.
ಹಳೇ ಬೋರ್ಡಾದರೆ ಬಿಜಿ ಅನ್ನುತ್ತಿತ್ತು, ಮುಗಿಯಿತು.
ಇದು ಹಾಗೆ ಬಾಗಿಲು ಹಾಕುವುದಿಲ್ಲ.
ಮೊಣ್ಣಪ್ಪನವರ ಕಿವಿಗೆ ಮಾತ್ರ ಒಂದು ಟಿಕ್,
ಏಳೆಂಟು ಸೆಕೆಂಡು ಬಿಟ್ಟು ಇನ್ನೊಂದು.
ಸಿದ್ದಾಪುರದವರಿಗೆ ಖಾಲಿ ಕೋಣೆಯಲ್ಲಿ
ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿರುವ ಹಾಗೆ ಕೇಳುತ್ತದೆ.
ಮಂಗಳೂರಿನವನಿಗೆ ಏನೂ ಕೇಳುವುದಿಲ್ಲ,
ಎದುರಿನ ದನಿ ಒಂದು ಕೂದಲೆಳೆ ಮುಗ್ಗರಿಸುತ್ತದೆ, ಅಷ್ಟೆ.
ಇಪ್ಪತ್ತೊಂದು ವರ್ಷ ಕೂತು
ನನಗೆ ಈಗ ಊಟದ ಮೇಜಿನಲ್ಲೂ ಆ ಮುಗ್ಗರಿಕೆ ಕೇಳಿಸುತ್ತದೆ.

ಒಬ್ಬರನ್ನು ನಿಲ್ಲಿಸಿ ಇನ್ನೊಬ್ಬರನ್ನು ಎತ್ತಲು
ಕೊಕ್ಕೆ ಒತ್ತಬೇಕು. ಎಷ್ಟು ಹೊತ್ತು?
ಮೈಸೂರಿನ ಮೆಕ್ಯಾನಿಕ್ ಮಿಲಿಸೆಕೆಂಡಿನಲ್ಲಿ ಹೇಳಿಹೋದ.
ನಾನು ಹಣ್ಣಿನಲ್ಲಿ ಹೇಳುತ್ತೇನೆ:
ಕೆಂಪಗಾದ ಕಾಫಿಹಣ್ಣನ್ನು ಎರಡು ಬೆರಳಲ್ಲಿ ಹಿಚುಕುತ್ತೀಯಲ್ಲ,
ಬೀಜ ಜಾರಿ ಹೊರಗೆ ಬರುವಷ್ಟು.
ಕಡಿಮೆಯಾದರೆ ಪೆಟ್ಟಿಗೆಗೆ ತಿಳಿಯುವುದಿಲ್ಲ.
ಹೆಚ್ಚಾದರೆ ಮೊದಲು ಇದ್ದವನೂ ಹೋದ.

ಮೂವತ್ತೊಂದಕ್ಕೆ ಈ ಟಿಕ್ ಹಾಕಬೇಡ, ಅದು ಫ್ಯಾಕ್ಸು.
ಯಂತ್ರಕ್ಕೆ ಯಂತ್ರ ಮಾತಾಡುವಾಗ ನಡುವೆ ಟಿಕ್ ಬಿದ್ದರೆ
ಬಿಲ್ಲು ಅರ್ಧಕ್ಕೇ ಸೊಟ್ಟಗಾಗಿ ನಿಲ್ಲುತ್ತದೆ.
ಮನುಷ್ಯರು ತಡೆದುಕೊಳ್ಳುತ್ತಾರೆ.
ಸಾಹೇಬರ ಹನ್ನೊಂದಕ್ಕೂ ಇಲ್ಲ, ಅವರೇ ತೆಗೆಸಿದ್ದು.
ಕಿವಿಗೆ ನುಸಿ ಹೊಕ್ಕ ಹಾಗಾಗುತ್ತದಂತೆ.

ಇನ್ನು ನಲವತ್ತು.
ಬೀಜ ಆರಿಸುವ ಶೆಡ್ಡಿನದು.
ನೂರ ಎಂಬತ್ತು ಹೆಂಗಸರಿಗೆ, ಮೇಸ್ತ್ರಿಗೆ,
ತಕ್ಕಡಿಯವನಿಗೆ ಸೇರಿ ಗೋಡೆಗೆ ಒಂದೇ ಫೋನು.
ಅದಕ್ಕೆ ಟಿಕ್ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ,
ಲಿಸ್ಟು ಮಾಡಿದ ನನಗೂ.

ಹುತ್ತರಿಯ ಮಾರನೇ ವಾರ, ನಾಲ್ಕೂ ಹತ್ತಕ್ಕೆ,
ಮಡಿಕೇರಿ ಆಸ್ಪತ್ರೆಯಿಂದ:
ತಂಗಮಣಿ ಬೇಕು, ಗಂಡನಿಗೆ ಆಪರೇಷನ್, ಸಹಿ ಆಗಬೇಕು.
ಮೇಸ್ತ್ರಿ ಲಾರಿಯವನೊಡನೆ ಗೋಣಿಚೀಲ ಎಣಿಸುತ್ತಿದ್ದ.
ಬಿಜಿ, ಅಂದೆ.
ನಾಲ್ಕು ಸಲ ಬಂತು. ನಾಲ್ಕು ಸಲವೂ ಅದನ್ನೇ ಅಂದೆ,
ಒಮ್ಮೆ ಸ್ವಲ್ಪ ಗಡಸಾಗಿಯೂ.
ಶೆಡ್ಡು ಇಲ್ಲಿಂದ ಅಂಗಳದಾಚೆ, ನೂರು ಹೆಜ್ಜೆ.
ಬೋರ್ಡು ಬಿಟ್ಟು ಏಳಬಾರದು ಅಂತ ರೂಲಿದೆ.
ಐದೂಕಾಲರ ಬಸ್ಸು ಸುಂಟಿಕೊಪ್ಪ ಬಿಟ್ಟ ಮೇಲೆ
ಅವಳಿಗೆ ತಿಳಿಯಿತು.

ಇವತ್ತೂ ಬಂದಿದ್ದಾಳೆ, ಮೂರನೇ ಸಾಲಿನಲ್ಲಿ ಕೂರುತ್ತಾಳೆ.
ಗೇಟಿನಲ್ಲಿ ಸಿಕ್ಕರೆ ಬೊಳ್ಳಮ್ಮಕ್ಕ, ಚಹ ಆಯಿತಾ ಅನ್ನುತ್ತಾಳೆ.
ಬೈದಿದ್ದರೆ ಒಳ್ಳೆಯದಿತ್ತು.

ಅವತ್ತು ಎಲ್ಲರೂ ಹೋದ ಮೇಲೆ
ನಲವತ್ತಕ್ಕೆ ನಾನೇ ಟಿಕ್ ಹಾಕಿದೆ. ಕೇಳಲಿಲ್ಲ ಯಾರನ್ನೂ.
ಮೇಸ್ತ್ರಿಗೂ ನುಸಿ ಹೊಕ್ಕಿತು. ಹೊಗಲಿ.

ಕೋಡು ಡ್ರಾಯರಿನ ಅಡಿಗೆ ಪೆನ್ಸಿಲಿನಲ್ಲಿದೆ, ಬಗ್ಗಿ ನೋಡು.
ಸರ್ವಿಸಿಗೆ ಬಂದಾಗಲೆಲ್ಲ ಆ ಹುಡುಗ
ಎಲ್ಲವನ್ನೂ ಹಳೇ ಲಿಸ್ಟಿನ ಹಾಗೆ ಮಾಡಿ ಹೋಗುತ್ತಾನೆ.
ಜಗಳ ಬೇಡ. ಚಹ ಕೊಡು, ಸಹಿ ಹಾಕು.
ಅವನ ಬೈಕು ಗೇಟು ದಾಟಲಿ.
ಆಮೇಲೆ ಒತ್ತು.