ಊದು

ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಬೆನ್ನಿಗೆ,
ಒಬ್ಬ ಒಳಗೆ ನಿಂತರೆ ಇನ್ನೊಬ್ಬ ಹೊರಗೇ ಕಾಯಬೇಕಾದ ಅಂಗಡಿ.
ಜಬ್ಬಾರ್ ಸಾಬರು ಮೊದಲು ತೋರಿಸಿದ್ದು ಊದು.
ಕಿರುಬೆರಳುದ್ದ ಶೀಶೆ, ನನ್ನ ವಾರದ ಸಂಬಳ.
ಊದು ಬೇಡ ಸಾಬರೇ, ಅಂದೆ,
ಚಳಿಗೆ ಏನಾದರೂ ಕೊಡಿ, ಮುನ್ನೂರರ ಒಳಗೆ.

ಚಳಿಗೆ ಸ್ವೆಟರು ತಗೊಳ್ಳಪ್ಪ, ಅಂದರು.
ಅಂದವರೇ ಸ್ಟೂಲು ಹತ್ತಿ ಇಳಿಸಿದರು
ಒಂದು ದಪ್ಪ ಗಾಜು, ಒಳಗೆ ಬೆಲ್ಲದ ಪಾಕದ ಬಣ್ಣ,
ಮೇಲೆ ಇಂಗ್ಲಿಷಿನಲ್ಲಿ ಯಾವನೋ ರಾಜನ ಹೆಸರು, ಸ್ಪೆಲ್ಲಿಂಗು ತಪ್ಪು.
ಮಣಿಕಟ್ಟಿಗೆ ಒಂದು ಸಲ ಪುಸ್ ಅಂತ.

ಮೂಗಿಗೆ ಹೊಡೆದದ್ದು ರಮ್ಮು.
ತಡಿ, ಅಂದರು.
ತಡೆದೆ. ಹಿಂದಿನಿಂದ, ಯಾರೋ ಅಡುಗೆಮನೆ ಬಾಗಿಲು ತೆಗೆದ ಹಾಗೆ
ವೆನಿಲ್ಲಾ,
ಆಗಷ್ಟೇ ಓವನ್ನಿನಿಂದ ಇಳಿದ ಕೇಕಿನ ತಟ್ಟೆ,
ಅದಕ್ಕೂ ಹಿಂದೆ ಒಂಚೂರು ಹಳೆ ಮರದ ಪೆಟ್ಟಿಗೆ.
ಸೆಖೆಗಾಲದಲ್ಲಿ ಹಾಕಬೇಡ, ಪಕ್ಕದವರಿಗೆ ತಲೆನೋವು,
ಇದು ಡಿಸೆಂಬರಿನ ಮಾಲು.
ಮುನ್ನೂರ ನಲವತ್ತು ಅಂದದ್ದು ಇನ್ನೂರ ಎಂಬತ್ತಕ್ಕೆ ಇಳಿಯಿತು.
ಪ್ರಯಾಣಿಕರಿಗೆ ಇಲ್ಲ ಅನ್ನುವ ಚಿಲ್ಲರೆಯಲ್ಲೇ ಎಣಿಸಿಕೊಟ್ಟೆ.

ಐದೂ ಹತ್ತರ ಬಸ್ಸು, ನೆಲಮಂಗಲದಿಂದ ಮಾರ್ಕೆಟ್ಟಿಗೆ.
ಹೆಡ್‌ಲೈಟಿಗೆ ಯಾರೋ ಅಡ್ಡ ಪಂಚೆ ಹಿಡಿದ ಹಾಗೆ ಮಂಜು.
ಎಡಗಡೆ ಮೂರನೆಯ ಕಿಟಕಿ ಮುಚ್ಚುವುದಿಲ್ಲ,
ನಾಲ್ಕು ವರ್ಷದಿಂದ ಬರೆದುಕೊಡುತ್ತಿದ್ದೇನೆ.
ಕಾಕಡದ ಮೂಟೆ, ಕೊತ್ತಂಬರಿ ಕಟ್ಟು, ಒದ್ದೆ ಗೋಣಿ,
ನನ್ನ ಬೆರಳಲ್ಲಿ ಹತ್ತೊಂಬತ್ತು ವರ್ಷದ ನಾಣ್ಯದ ವಾಸನೆ,
ಸೋಪಿಗೆ ಜಗ್ಗದ್ದು.
ಅವತ್ತು ಖಾಕಿ ಕಾಲರಿನ ಒಳಗೆ ಎರಡೇ ಎರಡು ಪುಸ್.
ಬೆಚ್ಚಗಾಯಿತು ಅಂದರೆ ಸುಳ್ಳು.
ಬೆಚ್ಚಗಿರುವವನ ಪಕ್ಕ ನಿಂತ ಹಾಗಾಯಿತು.

ಹೂವಿನ ಪುಟ್ಟಲಿಂಗಮ್ಮ ಟಿಕೆಟ್ಟು ಇಸಕೊಂಡು ಮೂಸಿದಳು:
ಏನ್ ಕಂಡಕ್ಟ್ರೇ, ಬೆಳಿಗ್ಗೆ ಬೆಳಿಗ್ಗೇನೇ?
ಹಿಂದಿನ ಸೀಟಿಗೆ ಸುದ್ದಿ ನನಗಿಂತ ಮೊದಲು ತಲುಪಿತು.
ಡ್ರೈವರ್ ಗಂಗಹನುಮಯ್ಯ ಕನ್ನಡಿಯಲ್ಲೇ ನಕ್ಕ.
ಯಶವಂತಪುರದಲ್ಲಿ ಹತ್ತಿದ ಚೆಕಿಂಗಿನವರು
ಯಾರ ಟಿಕೆಟ್ಟೂ ಕೇಳಲಿಲ್ಲ.
ನನ್ನ ಹತ್ತಿರ ಬಂದು, ಮೂಗು ಅರಳಿಸಿ,
ಚೀಲದಿಂದ ಯಂತ್ರ ತೆಗೆದು ಅಂದರು:
ಊದು.

ಹಾಳಾದ್ದು, ಬೇಡ ಅಂದಿದ್ದೆನಲ್ಲ.

ಊದಿದೆ. ಸೊನ್ನೆ. ಇನ್ನೊಂದು ಸಲ. ಸೊನ್ನೆ.
ಯಂತ್ರವನ್ನೇ ಅಂಗೈಗೆ ಕುಟ್ಟಿ ನೋಡಿದರು.
ಕೊನೆಗೆ ಕಾಲರಿಗೆ ಬಾಗಿ, ದನಿ ತಗ್ಗಿಸಿ:
ಎಷ್ಟು ಕೊಟ್ರಿ? ಎಲ್ಲಿ?

ಡಿಪೋದಲ್ಲಿ ಇಷ್ಟನ್ನೇ ಹೇಳಿದೆ, ನಕ್ಕರು.

ಮನೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು,
ಮೊರದ ತುಂಬ ಸೊಗಡು.
ನಾನು ಹೊಸ್ತಿಲು ದಾಟಿದೆ, ಅವಳ ಕೈ ನಿಂತಿತು.
ತಿರುಗಲಿಲ್ಲ.
ಒಂದು ಕಾಲದಲ್ಲಿ ಈ ಬಾಗಿಲಿಗೆ ಈ ವಾಸನೆ ಬಂದು ನಿಂತರೆ
ನಾವು ಮೂವರೂ ಮಂಚದ ಕೆಳಗೆ.
ಅಂಗಡಿಯಲ್ಲಿ ಇದು ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು.
ಅಥವಾ ಬೇಡ.
ಕುಡಿಯುವುದಿಲ್ಲ ಅಂತ ಅವಳ ತಲೆಯ ಮೇಲೆ ಆಣೆ ಇಟ್ಟಿದ್ದೆ,
ಮೂಸುವುದಿಲ್ಲ ಅಂತ ಇಟ್ಟಿರಲಿಲ್ಲ.

ಬಾ ಇಲ್ಲಿ, ಅಂದಳು. ಕೂತೆ.
ಕತ್ತಿನ ಹತ್ತಿರ ಮುಖ ತಂದಳು, ಜ್ವರ ನೋಡುವ ಹಾಗೆ.
ಅಷ್ಟು ಹೊತ್ತಿಗೆ ರಮ್ಮು ಮುಕ್ಕಾಲು ಆರಿತ್ತು.
ಇದ್ರಲ್ಲಿ ಅರ್ಧ ನಿಮ್ಮಪ್ಪ, ಅಂದಳು.
ಇನ್ನರ್ಧ ಯಾರು?

ವೆನಿಲ್ಲಾ, ಅಂದೆ.
ಯಾರೋ ಆಗ್ಲಿ. ಆವಾಗ್ಲೂ ಜೊತೆಗಿರಬೇಕಿತ್ತು.
ಒಂದು ಕಾಳು ಕೈ ತಪ್ಪಿ ಮಂಚದ ಕೆಳಗೆ ಉರುಳಿತು.
ತೆಗೆದುಕೊಡಲು ಬಗ್ಗಿದೆ.